ಸಾವನದುರ್ಗಕ್ಕೆ ಬಂದ ಮಿಸೆಸ್ ಮೂರ್

ಬೆಂಗಳೂರಿನಿಂದ ಮಾಗಡಿಯ ಕಡೆಗೆ ಹೋಗುವವರಿಗೆ ಸಾವನದುರ್ಗದ ಹೆಬ್ಬಂಡೆ ದೂರದಿಂದಲೇ ಕಾಣಿಸುತ್ತದೆ. ಒಂದು ಇಂಗ್ಲಿಷ್ ಸಿನಿಮಾಕ್ಕಾಗಿ ಈ ಬಂಡೆ ಬಿಹಾರದ ಬೆಟ್ಟವಾಗಿ ವೇಷ ಹಾಕಿತ್ತು. ಇ.ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯ ಮರಬಾರ್ ಗುಹೆಗಳಿಗೆ ಮೂಲ, ಗಯಾ ಸಮೀಪದ ಬರಾಬರ್ ಗುಹೆಗಳು. ನಿರ್ದೇಶಕ ಡೇವಿಡ್ ಲೀನ್ ಅವನ್ನು ಹೋಗಿ ನೋಡಿದರು, ಆದರೆ ಮನಸ್ಸಿಗೆ ಹಿಡಿಸಲಿಲ್ಲ. ಕೊನೆಗೆ ಸಾವನದುರ್ಗವನ್ನೂ ರಾಮನಗರದ ರಾಮದೇವರ ಬೆಟ್ಟವನ್ನೂ ಆರಿಸಿಕೊಂಡರು. ಹತ್ತು ವರ್ಷದ ಹಿಂದೆ 'ಶೋಲೆ'ಯ ಗಬ್ಬರ್ ಸಿಂಗ್ ಅಬ್ಬರಿಸಿದ್ದ ಸೀಮೆಯಲ್ಲಿ ಚಿತ್ರತಂಡ ಸಣ್ಣ ಸಣ್ಣ ಗುಹೆಬಾಯಿಗಳನ್ನು ಕೊರೆಯಿತು.

ಆ ಚಿತ್ರದ ಮಿಸೆಸ್ ಮೂರ್ ಪಾತ್ರಧಾರಿಗೆ ಆಗ 76 ವರ್ಷ. ಹೆಸರು ಪೆಗಿ ಆ್ಯಶ್‌ಕ್ರಾಫ್ಟ್. ಲೀನ್ ಪಾತ್ರಕ್ಕೆ ಕರೆದಾಗ ಅವರು ಹಿಂಜರಿದು, ತನಗೆ 75 ಆಯಿತು ಎಂದರಂತೆ. ನನಗೂ ಅಷ್ಟೇ, ಎಂದರಂತೆ ಲೀನ್. ಇಬ್ಬರ ಹುಟ್ಟಿನ ನಡುವೆ ಮೂರು ತಿಂಗಳ ಅಂತರ. 1985ರ ಮಾರ್ಚ್‌ನಲ್ಲಿ ಪೆಗಿಗೆ ಅತ್ಯುತ್ತಮ ಪೋಷಕ ನಟಿ ಆಸ್ಕರ್ ಬಂತು. ಆ ವಿಭಾಗದಲ್ಲಿ ಗೆದ್ದವರಲ್ಲಿ ಅವರಷ್ಟು ವಯಸ್ಸಾದವರು ಬೇರೆ ಯಾರೂ ಇಲ್ಲ.

ಜಗತ್ತಿನ ಬಹುಪಾಲು ಜನ ಅವರ ಮುಖವನ್ನು ಸರಿಯಾಗಿ ನೋಡಿದ್ದೇ ಆಗ. ಲಂಡನ್ನಿನ ರಂಗಪ್ರೇಮಿಗಳಿಗೋ ಅವರು ಅರ್ಧ ಶತಮಾನದಿಂದ ಮನೆಯವರಷ್ಟೇ ಪರಿಚಿತರು. ನಾಟಕ ಮುಗಿದ ರಾತ್ರಿಯೇ ನಟನೆಯೂ ಮುಗಿದುಹೋಗುತ್ತದೆ. ಹಾಗಾಗಿ ಪೆಗಿ ಹರೆಯದಲ್ಲಿ ಮಾಡಿದ್ದು ಬಹುತೇಕ ಕಳೆದುಹೋಗಿ, ಮುಪ್ಪಿನಲ್ಲಿ ಮಾಡಿದ್ದು ಉಳಿಯಿತು. ಸ್ಪಷ್ಟ ಮಾತಿಗೆ ಹೆಸರಾಗಿದ್ದ ಅವರು ಹೀಗೆ ಉಳಿದಿರುವುದು, ಮಾತು ಕಳೆದುಕೊಳ್ಳುವ ಹೆಂಗಸರ ಪಾತ್ರಗಳಲ್ಲಿ.

ಪೆಗಿ ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ. ತಂದೆ ಮೊದಲ ಮಹಾಯುದ್ಧದಲ್ಲಿ ಮಡಿದರು. ತಾಯಿಗೆ ಹವ್ಯಾಸಿ ರಂಗಭೂಮಿಯ ಹುಚ್ಚಿತ್ತು. ಹದಿನಾರರಲ್ಲಿ ಪೆಗಿ, ಎಲ್ಸಿ ಫೊಗರ್ಟಿ ನಡೆಸುತ್ತಿದ್ದ ಸೆಂಟ್ರಲ್ ಸ್ಕೂಲ್ ಸೇರಿದರು. ಲಾರೆನ್ಸ್ ಒಲಿವಿಯೆ ಅಲ್ಲಿ ಸಹಪಾಠಿ. ಉಚ್ಚಾರಣೆಯನ್ನು ತಿದ್ದುವುದು, ಸುಂದರವಾದ ಕಂಠವನ್ನು ಬೆಳೆಸುವುದು ಆ ಶಾಲೆಯ ಮುಖ್ಯ ಪಾಠ. ಪೆಗಿಗೆ ಇದು ಅಷ್ಟಾಗಿ ರುಚಿಸಲಿಲ್ಲ. ಸ್ಟಾನಿಸ್ಲಾವ್ಸ್ಕಿಯ ಆತ್ಮಕಥೆ ಓದಿ ಕಲಿತದ್ದೇ ಹೆಚ್ಚು ಎಂಬುದು ಅವರ ಅಭಿಪ್ರಾಯ. 1926ರಲ್ಲಿ ಬರ್ಮಿಂಗ್‌ಹ್ಯಾಮ್‌ನ ರೆಪರ್ಟರಿಯಲ್ಲಿ ವೃತ್ತಿರಂಗಕ್ಕೆ ಕಾಲಿಟ್ಟರು.

ನಾಲ್ಕು ವರ್ಷದ ಬಳಿಕ, 1930ರಲ್ಲಿ, ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರಾಬ್ಸನ್ ಒಥೆಲೊ ಆದಾಗ 22ರ ಪೆಗಿ ಡೆಸ್ಡೆಮೋನ ಆದರು. ಬಿಳಿಯ ನಟನೊಬ್ಬ ಮುಖಕ್ಕೆ ಮಸಿ ಬಳಿದುಕೊಂಡು ಒಥೆಲೊ ಆಡುವುದೇ ರೂಢಿಯಾಗಿದ್ದ ಕಾಲ ಅದು. ಕಪ್ಪು ಮನುಷ್ಯ ಬಿಳಿಯ ಹೆಣ್ಣನ್ನು ವೇದಿಕೆಯ ಮೇಲೆ ಮುಟ್ಟುವುದನ್ನು ಕೆಲವರಿಗೆ ಸಹಿಸಲಾಗಲಿಲ್ಲ; ಪೆಗಿಗೆ ಬೈಗುಳದ ಪತ್ರಗಳು ಬಂದವು. ರಾಬ್ಸನ್ ನಾಯಕನಾಗಿದ್ದ ಥಿಯೇಟರಿಗೆ ಅಂಟಿಕೊಂಡಂತೆಯೇ ಇದ್ದ ಸವಾಯ್ ಹೋಟೆಲಿನಲ್ಲಿ ಅವರಿಗೆ ಸ್ವಾಗತವಿರಲಿಲ್ಲ. ಅಲ್ಲಿಯವರೆಗೆ ರಾಜಕೀಯದ ಗೊಡವೆಗೆ ಹೋಗದಿದ್ದ ಹುಡುಗಿಯ ಕಣ್ಣು ತೆರೆಸಿದ್ದು ಇದೇ ಪ್ರಸಂಗ.

1935ರಲ್ಲಿ ಜಾನ್ ಗೀಲ್‌ಗುಡ್ ನಿರ್ದೇಶನದ 'ರೋಮಿಯೋ ಅಂಡ್ ಜೂಲಿಯೆಟ್'ನಲ್ಲಿ ಅವರು ಜೂಲಿಯೆಟ್. ರೋಮಿಯೋ ಮತ್ತು ಮರ್ಕ್ಯೂಷಿಯೋ ಪಾತ್ರಗಳನ್ನು ಗೀಲ್‌ಗುಡ್, ಒಲಿವಿಯೆ ಅದಲುಬದಲು ಮಾಡಿಕೊಂಡು ಆಡಿದರು. ಆ ಜೂಲಿಯೆಟ್‌ಳನ್ನು ಇಂದು ನೋಡಲು ದಾರಿಯಿಲ್ಲ. ಅದೇ ವರ್ಷದ ಒಂದು ಸಿನಿಮಾ ಮಾತ್ರ ಇದೆ: ಹಿಚ್‌ಕಾಕ್‌ರ 'ದಿ 39 ಸ್ಟೆಪ್ಸ್'. ಅದರಲ್ಲಿ ಪೆಗಿಯದು ಸ್ಕಾಟ್ಲೆಂಡಿನ ಬೆಟ್ಟಗಾಡಿನ ರೈತನೊಬ್ಬನ ಎಳೆಯ ಹೆಂಡತಿಯ ಪಾತ್ರ. ಗಂಡ ಸಂಶಯದ ಮನುಷ್ಯ. ಪೊಲೀಸರಿಂದ ತಪ್ಪಿಸಿಕೊಂಡು ಒಂದು ರಾತ್ರಿಯ ಮಟ್ಟಿಗೆ ಆಶ್ರಯ ಕೇಳಿ ಬಂದ ನಾಯಕನನ್ನು ಆಕೆ ಪಟ್ಟಣದ ಸುದ್ದಿ ಕೇಳುತ್ತಾಳೆ. ಅಲ್ಲಿಯ ಹೆಂಗಸರು ಕಾಲುಗುರಿಗೂ ಬಣ್ಣ ಹಚ್ಚುವುದು ನಿಜವೇ ಎಂದು ವಿಚಾರಿಸುತ್ತಾಳೆ. ಬೆಳಗಿನ ಜಾವ ಅವನನ್ನು ಎಬ್ಬಿಸಿ, ಗಂಡನ ಕೋಟು ತೊಡಿಸಿ ಓಡಿಸುತ್ತಾಳೆ. ಆ ಕೋಟಿನ ಜೇಬಿನಲ್ಲಿದ್ದ ಪ್ರಾರ್ಥನಾಗೀತೆಗಳ ಪುಸ್ತಕ ಮುಂದೆ ಗುಂಡನ್ನು ತಡೆಯುತ್ತದೆ. ಅವಳಿಗೆ ಸಿಗುವುದು ಗಂಡನ ಏಟು. ಕೆಲವೇ ನಿಮಿಷದ ಪಾತ್ರವಾದರೂ ನೋಡಿದವರಿಗೆ ಅವಳು ಮರೆಯುವುದಿಲ್ಲ.

ಆದರೂ ಪೆಗಿ ಸಿನಿಮಾದ ಕಡೆ ವಾಲಲಿಲ್ಲ. ತಾರೆಯೊಬ್ಬರ ಸುತ್ತ ನಾಟಕ ಕಟ್ಟುವ ಬದಲು, ಒಂದೇ ತಂಡ ವರ್ಷಗಟ್ಟಲೆ ಕೂಡಿ ದುಡಿಯಬೇಕು ಎಂಬುದು ಅವರ ನಂಬಿಕೆ. ಪೀಟರ್ ಹಾಲ್ ಸ್ಟ್ರಾಟ್‌ಫರ್ಡ್‌ನಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿ ಕಟ್ಟಲು ಹೊರಟಾಗ ಮೊದಲು ಕೈಜೋಡಿಸಿದವರು, ಅಷ್ಟರಲ್ಲಿ ಡೇಮ್ ಪದವಿ ಪಡೆದಿದ್ದ ಪೆಗಿ. 1963ರಲ್ಲಿ ಆ ಕಂಪನಿ ಷೇಕ್ಸ್‌ಪಿಯರನ ಚರಿತ್ರೆ ನಾಟಕಗಳನ್ನು ಹೆಣೆದು 'ದಿ ವಾರ್ಸ್ ಆಫ್ ದಿ ರೋಸಸ್' ಆಡಿತು. 55 ದಾಟಿದ್ದ ಪೆಗಿ ಮಾರ್ಗರೆಟ್ ರಾಣಿಯಾಗಿ ಹರೆಯದ ಫ್ರೆಂಚ್ ರಾಜಕುಮಾರಿಯಿಂದ ಶಾಪ ಹಾಕುತ್ತ ಅಲೆಯುವ ಹಣ್ಣು ಮುದುಕಿಯವರೆಗೆ ಬೆಳೆದರು. ರಾಣಿ ಹೊರಗಿನಿಂದ ಬಂದವಳು ಎಂಬುದು ಮರೆಯದಂತೆ ರಕಾರವನ್ನು ಫ್ರೆಂಚ್ ಛಾಯೆಯಲ್ಲಿ ಉಚ್ಚರಿಸಿದರು. ಬಿಬಿಸಿ ಅದನ್ನು ಚಿತ್ರೀಕರಿಸಿ 1965ರಲ್ಲಿ ಪ್ರಸಾರ ಮಾಡಿತು. ರಂಗದ ಪೆಗಿ ಹೇಗಿದ್ದರು ಎಂದು ಅಂದಾಜು ಮಾಡಲು ಇದೊಂದು ಆಧಾರ.

ಎಪ್ಪತ್ತರ ಹೊಸ್ತಿಲಲ್ಲಿ ಟೆಲಿವಿಷನ್ ಅವರಿಗೆ ಎರಡನೆಯ ಬದುಕು ಕೊಟ್ಟಿತು. ಮರ್ಚೆಂಟ್-ಐವರಿ ಜೋಡಿಯ 'ಹಲ್ಲಬಲೂ ಓವರ್ ಜಾರ್ಜಿ ಅಂಡ್ ಬಾನೀಸ್ ಪಿಕ್ಚರ್ಸ್'ಗಾಗಿ ಜೋಧಪುರಕ್ಕೆ ಬಂದರು. 1980ರಲ್ಲಿ 'ಕಾಟ್ ಆನ್ ಎ ಟ್ರೇನ್' ಮತ್ತು 'ಕ್ರೀಮ್ ಇನ್ ಮೈ ಕಾಫಿ' ಎಂಬ ಎರಡು ಟಿವಿ ನಾಟಕಗಳು ಅವರಿಗೆ ಬಾಫ್ಟಾ ತಂದವು. ಅನಂತರ ಬಂದದ್ದು ಗ್ರನಾಡಾ ಟೆಲಿವಿಷನ್ನಿನ 14 ಕಂತುಗಳ 'ದಿ ಜ್ಯುವೆಲ್ ಇನ್ ದಿ ಕ್ರೌನ್'. ಪಾಲ್ ಸ್ಕಾಟ್ ಅವರ ನಾಲ್ಕು ಕಾದಂಬರಿಗಳನ್ನು ಆಧರಿಸಿದ, ಭಾರತದಲ್ಲಿ ಬ್ರಿಟಿಷರ ಕೊನೆಯ ವರ್ಷಗಳ ಕಥೆ.

ಅದರಲ್ಲಿ ಪೆಗಿಯ ಪಾತ್ರ ಬಾರ್ಬಿ ಬ್ಯಾಚಲರ್, ಮಿಶನ್ ಶಾಲೆಯಿಂದ ನಿವೃತ್ತಳಾದ ಟೀಚರು. ಪಾಂಕೋಟ್ ಎಂಬ ಗಿರಿಧಾಮದಲ್ಲಿ ಮೇಬಲ್ ಲೇಟನ್ ಎಂಬ ಸಿರಿವಂತ ವೃದ್ಧೆಯ ಮನೆಯಲ್ಲಿ ಇರುತ್ತಾಳೆ. ಬಾಯಿಬಡುಕಿ, ಒಳ್ಳೆಯವಳು, ದೊಡ್ಡ ಮನೆತನದ ಇಂಗ್ಲಿಷರ ಕಣ್ಣಿಗೆ ಕೀಳು. ಮೇಬಲ್ ತೀರಿಕೊಂಡಾಗ, ಗಂಡನ ಪಕ್ಕದಲ್ಲಿ ರಾಣ್‌ಪುರದಲ್ಲಿ ಮಣ್ಣಾಗಬೇಕು ಎಂಬುದು ಆಕೆಯ ಆಸೆಯಾಗಿತ್ತು ಎಂದು ಬಾರ್ಬಿ ಸಿಕ್ಕಿದವರಲ್ಲೆಲ್ಲ ಹೇಳುತ್ತಾಳೆ. ಯಾರೂ ಕಿವಿಗೊಡುವುದಿಲ್ಲ. ಮನೆ ಬಿಡಿಸುತ್ತಾರೆ. ಜೀವಮಾನದ ಸಾಮಾನೆಲ್ಲ ತುಂಬಿದ ಟ್ರಂಕು ಹೇರಿಕೊಂಡು ಇಳಿಜಾರಿನಲ್ಲಿ ಹೊರಟ ಟಾಂಗಾ ಅಪಘಾತಕ್ಕೀಡಾಗುತ್ತದೆ. ಆಮೇಲೆ ಬಾರ್ಬಿ ಮಾತಾಡುವುದಿಲ್ಲ. ಆಸ್ಪತ್ರೆಯ ಕಿಟಕಿಯಿಂದ ಪಾರಸಿಗಳ ಮೌನಗೋಪುರದ ಮೇಲೆ ಸುತ್ತುವ ಹದ್ದುಗಳನ್ನು ನೋಡುತ್ತ ಕೂರುತ್ತಾಳೆ. ಸ್ಕಾಟ್ ಆಕೆಯ ಸಾವಿಗೆ ಇಟ್ಟ ದಿನ 1945ರ ಆಗಸ್ಟ್ 6, ಹಿರೋಶಿಮಾದ ದಿನ.

ಈ ಧಾರಾವಾಹಿ 1984ರ ಆರಂಭದಲ್ಲಿ ಬ್ರಿಟನ್ನಿನ ಮನೆಮನೆಗಳಲ್ಲಿ ಪ್ರಸಾರವಾಗುತ್ತಿದ್ದಾಗ ಲೀನ್ ಚಿತ್ರದ ಕೆಲಸ ಇನ್ನೂ ಮುಗಿದಿರಲಿಲ್ಲ. ಆ ಚಿತ್ರಕ್ಕೆ ಕಾದಂಬರಿಯ ಜೊತೆಗೆ ಇನ್ನೊಂದು ಆಧಾರವೂ ಇತ್ತು: ಸಾಂತಾ ರಾಮರಾವ್ ಮಾಡಿದ್ದ, 1960ರಲ್ಲಿ ಲಂಡನ್ನಿನಲ್ಲಿ ಆಡಿದ ರಂಗರೂಪ. ಸಾಂತಾ ಮಂಗಳೂರು ಮೂಲದ ಬೆನೆಗಲ್ ಮನೆತನದವರು. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನೆಗಲ್ ರಾಮರಾವ್ ಅವರ ಮಗಳು.

ಮಿಸೆಸ್ ಮೂರ್, ಮ್ಯಾಜಿಸ್ಟ್ರೇಟ್ ಮಗನನ್ನು ನೋಡಲು ಬಂದವಳು. ರಾತ್ರಿ ಮಸೀದಿಯಲ್ಲಿ ಡಾಕ್ಟರ್ ಅಜೀಜ್ ಜೊತೆ ಸ್ನೇಹ ಬೆಳೆಸುತ್ತಾಳೆ. ಗುಹೆಯ ಮಾರ್ದನಿ ಕೇಳಿ ಒಳಗೇ ಕುಸಿಯುತ್ತಾಳೆ. ಅಲ್ಲಿ ಏನು ಹೇಳಿದರೂ ಹಿಂದಿರುಗಿ ಬರುವ ಸದ್ದು ಒಂದೇ. ಅಜೀಜ್ ನಿರಪರಾಧಿ ಎಂದು ಬಲ್ಲಳು, ಆದರೂ ಸಾಕ್ಷಿ ಹೇಳಲು ನಿಲ್ಲದೆ ಹಡಗು ಹತ್ತಿ, ನಡುದಾರಿಯಲ್ಲೇ ಸಾಯುತ್ತಾಳೆ. ವಿಚಾರಣೆಯ ದಿನ ಭಾರತೀಯರ ಗುಂಪು ಆಕೆಯ ಹೆಸರನ್ನು ಜಪದಂತೆ ಕೂಗುತ್ತದೆ. ಕಾದಂಬರಿಯಲ್ಲಿ ಆ ಹೆಸರು 'ಎಸ್ಮಿಸ್ ಎಸ್ಮೂರ್' ಆಗಿ ದೇವತೆಯೊಬ್ಬಳ ಹೆಸರಿನಂತೆ ಕೇಳಿಸುತ್ತದೆ. ಸ್ಕೂಲನ್ನು ಇಸ್ಕೂಲು ಮಾಡಿಕೊಂಡ ನಮ್ಮ ನಾಲಿಗೆಗಳಿಗೆ ಇದು ಹೊಸದಲ್ಲ. ಬಾಯಿ ಮುಚ್ಚಿ ಹೋದವಳ ಹೆಸರನ್ನು ಊರೇ ತನ್ನ ಉಚ್ಚಾರಣೆಯಲ್ಲಿ ಎತ್ತಿಕೊಳ್ಳುತ್ತದೆ.

ಈ ಧಾರಾವಾಹಿ, ಈ ಸಿನಿಮಾ ಎರಡನ್ನೂ ಅದೇ ವರ್ಷ ಸಲ್ಮಾನ್ ರಶ್ದಿ ಒಂದು ಪ್ರಬಂಧದಲ್ಲಿ ತರಾಟೆಗೆ ತೆಗೆದುಕೊಂಡರು. ಬ್ರಿಟನ್ ತನ್ನ ಹಳೆಯ ದೊಡ್ಡಸ್ತಿಕೆಯನ್ನು ಚಪ್ಪರಿಸುತ್ತಿದೆ ಎಂಬುದು ಅವರ ಸಿಟ್ಟು. ಅದಕ್ಕೆ ಕಾರಣವೂ ಇತ್ತು: ಲೀನ್ ಚಿತ್ರದ ಬ್ರಾಹ್ಮಣ ಪ್ರೊಫೆಸರ್ ಗೋಡ್ಬೋಲೆ, ಮುಖಕ್ಕೆ ಬಣ್ಣ ಹಚ್ಚಿಕೊಂಡ ಅಲೆಕ್ ಗಿನ್ನಿಸ್. 1930ರಲ್ಲೇ ರಾಬ್ಸನ್ ಎದುರು ಆಡಿದ್ದ ನಟಿ, 54 ವರ್ಷದ ಮೇಲೆ ಅಂಥ ಚಿತ್ರದಲ್ಲಿದ್ದರು. ಆದರೆ ಅವರ ಬಾರ್ಬಿಯಾಗಲಿ ಮಿಸೆಸ್ ಮೂರ್ ಆಗಲಿ ಸಾಮ್ರಾಜ್ಯದ ವೈಭವವನ್ನು ಹಾಡುವವರಲ್ಲ. ಸತ್ಯ ಗೊತ್ತಿದ್ದೂ ಸ್ವಂತ ಜನರಿಗೇ ಬೇಡವಾದವರು.

ಆಸ್ಕರ್ ರಾತ್ರಿ ಪೆಗಿ ಅಲ್ಲಿರಲಿಲ್ಲ. ಏಂಜೆಲಾ ಲ್ಯಾನ್ಸ್‌ಬರಿ ಅವರ ಪರವಾಗಿ ಸ್ವೀಕರಿಸಿದರು. 1986ರಲ್ಲಿ ಅಣುಬಾಂಬಿನ ಕುರಿತ 'ವೆನ್ ದಿ ವಿಂಡ್ ಬ್ಲೋಸ್' ಎಂಬ ಕಾರ್ಟೂನ್ ಚಿತ್ರಕ್ಕೆ ಧ್ವನಿ ಕೊಟ್ಟರು. 1989ರ 'ಶೀಸ್ ಬೀನ್ ಅವೇ' ಟಿವಿ ಚಿತ್ರದಲ್ಲಿ, ಹರೆಯದಲ್ಲೇ ಮನೆಯವರು ಹುಚ್ಚಾಸ್ಪತ್ರೆಗೆ ಸೇರಿಸಿ 60 ವರ್ಷದ ಬಳಿಕ ಹೊರಬಂದ ಲಿಲಿಯನ್ ಆದರು. ಮೊದಲಿಗೆ ಅವಳೂ ಮೂಗಿಯಂತೆಯೇ ಇರುತ್ತಾಳೆ. ಜೊತೆಯ ನಟಿ ಜೆರಾಲ್ಡಿನ್ ಜೇಮ್ಸ್, ಮಾತು ನಿಂತ ಬಾರ್ಬಿಯನ್ನು ನೋಡಲು ಆಸ್ಪತ್ರೆಗೆ ಹೋದ ಸಾರಾ ಲೇಟನ್ ಆಗಿದ್ದವರು. ಇಬ್ಬರೂ ವೆನಿಸ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಹಂಚಿಕೊಂಡರು.

1991ರ ಜೂನ್ 14ರಂದು ಪೆಗಿ ಲಂಡನ್ನಿನಲ್ಲಿ ತೀರಿಕೊಂಡರು. 1930ರ ಡೆಸ್ಡೆಮೋನಳನ್ನೋ 1935ರ ಜೂಲಿಯೆಟ್‌ಳನ್ನೋ ಕಂಡವರು ಈಗ ಯಾರು ಉಳಿದಿದ್ದಾರು? ಹಳೆಯ ವಿಮರ್ಶೆಗಳನ್ನು ಓದಿ ಊಹಿಸಿಕೊಳ್ಳಬೇಕು, ಅಷ್ಟೇ. ಉಳಿದವರು ಬಾರ್ಬಿ, ಲಿಲಿಯನ್ ಮತ್ತು ಮಾಗಡಿ ದಾರಿಯ ಬಂಡೆಗಳ ಕೆಳಗೆ ಉಸಿರು ಸಿಕ್ಕಿಕೊಂಡಂತೆ ಕುಳಿತ ಆ ಮುದುಕಿ.