ಕುಂತು ಕೇಳುವ ಹಕ್ಕು

ಕವಿತಾಳದ ಕಡೆಯ ಊರುಗಳಲ್ಲಿ ಮೊಹರಂ ಬಂದರೆ ಅಲಾಯಿ ಕುಣಿ ತೋಡುತ್ತಾರೆ. ಕುಣಿಯಲ್ಲಿ ಕಟ್ಟಿಗೆ ಒಟ್ಟಿ ಬೆಂಕಿ ಹಾಕುತ್ತಾರೆ. ಅದರ ಸುತ್ತ ಹೆಜ್ಜೆ ಹಾಕುವವರು, ಅವರ ಸುತ್ತ ನಿಂತು ನೋಡುವವರು, ಅವರ ಹಿಂದೆ ಮಾಳಿಗೆಗಳ ಮೇಲೆ ಕುಂತ ಹೆಂಗಸರು ಮಕ್ಕಳು. ಪಟ್ಟಣದವರು ಉದ್ಯಾನದೊಳಗೆ ಕಲ್ಲು ಸಿಮೆಂಟು ಹಾಕಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿಸಿ ಬಯಲು ರಂಗಮಂದಿರ ಅನ್ನುತ್ತಾರಲ್ಲ, ಅದು ನಮ್ಮಲ್ಲಿ ಹಬ್ಬದ ಮಟ್ಟಿಗೆ ತಾನೇ ಎದ್ದು ತಾನೇ ಅಳಿಯುತ್ತದೆ.

ಮೊಹರಂ ಎಲ್ಲರ ಹಬ್ಬ ಎಂದು ಬರೆಯುವವರು ಬಹಳ ಮಂದಿ. ಸುಳ್ಳಲ್ಲ. ಮುದಗಲ್ಲಿಗೆ ಹೋಗಿ ನೋಡಿದರೆ ಯಾರು ಮುಸಲರು, ಯಾರು ಲಿಂಗಾಯತರು, ಯಾರು ಕುರುಬರು ಎಂದು ಗುರುತು ಹತ್ತುವುದಿಲ್ಲ. ಎಲ್ಲರೂ ಸಕ್ಕರೆ ಓದಿಸುತ್ತಾರೆ. ರಿವಾಯತ್ ಪದಗಳಲ್ಲಿ ಹಸನ ಹುಸೇನರು ನಮ್ಮ ಹೊಲದ ಬದುವಿನ ಮೇಲೆ ನಡೆದುಬಂದ ಹಾಗೆ ಬರುತ್ತಾರೆ. ಆದರೆ ಹೀಗೆ ಬರೆಯುವ ವಿದ್ವಾಂಸರು ಒಂದು ಮಾತು ಬಿಡುತ್ತಾರೆ. ಹಲಗೆ ಯಾರ ಕೈಯಾಗ ಇತ್ತು?

ನಮ್ಮಪ್ಪನ ಕೈಯಾಗ ಇತ್ತು. ಒಣಹುಲ್ಲಿನ ಬೆಂಕಿಗೆ ಹಲಗೆ ಹಿಡಿದು, ಬೆರಳಿನಿಂದ ಬಡಿದು ನೋಡಿ, ಹದಕ್ಕೆ ಬಂದ ಮೇಲೆ ಏಳುತ್ತಿದ್ದ. ಕತ್ತಲ ರಾತ್ರಿ ಪೂರ್ತಿ ಬಾರಿಸಿ ಬೆಳಗಿನ ಜಾವ ಮನೆಗೆ ಬಂದರೆ ಬೆರಳು ಮಡಚಲು ಬರುತ್ತಿರಲಿಲ್ಲ. ನಾನು ಸಣ್ಣವನಿದ್ದಾಗ ಒಮ್ಮೆ, "ಈ ಸಲ ಪದ ಹೆಂಗಿದ್ವಪ್ಪ?" ಎಂದು ಕೇಳಿದೆ. "ಪದ ಯಾರಿಗೆ ಕೇಳಸ್ತಾವೋ ತಮ್ಮ, ನನ್ನ ಕಿವ್ಯಾಗ ಹಲಗಿ ಒಂದ ಇರತೈತಿ" ಅಂದ.

ಆ ಮಾತು ನನ್ನನ್ನು ಬಿಟ್ಟಿಲ್ಲ. ಈ ನಾಡಿನ ಸಂಗೀತದ ಚರಿತ್ರೆ ಬರೆದವರು ಹಾಡಿದವರ ಹೆಸರು ಬರೆದರು, ಹಾಡಿಸಿದ ರಾಜರ ಹೆಸರು ಬರೆದರು. ಕುಂತು ಕೇಳಿದವರು ಯಾರು, ಕೇಳಲು ಬಿಡದೆ ಇಟ್ಟದ್ದು ಯಾರನ್ನು ಎಂದು ಬರೆಯಲಿಲ್ಲ. ನಮ್ಮ ನೆರೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಸಿಕ್ಕಿತು. ದೊಡ್ಡವನಷ್ಟೇ ಅಲ್ಲ, ಸಣ್ಣವನೂ ಧರ್ಮದಿಂದ ಮೇಲೇರಬಹುದು ಎಂದು ಆ ಬಂಡೆ ಸಾರುತ್ತದೆ. ಅದೇ ಅಶೋಕ ಇನ್ನೊಂದು ಶಾಸನದಲ್ಲಿ ಭೇರಿಯ ಘೋಷ ಧರ್ಮದ ಘೋಷವಾಯಿತು ಎಂದ. ಒಳ್ಳೆಯದೇ ಆಯಿತು. ಭೇರಿ ಬಾರಿಸಿದವನ ಹೆಸರು ಮಾತ್ರ ಯಾವ ಬಂಡೆಯ ಮೇಲೂ ಇಲ್ಲ.

ಹಲಗೆ ನಮಗೆ ಕಲೆಯಾಗಿ ಬರಲಿಲ್ಲ, ಚಾಕರಿಯಾಗಿ ಬಂತು. ಡಂಗುರಕ್ಕೆ, ಜಾತ್ರೆಗೆ, ಹೆಣದ ಮುಂದೆ, ಮದುವೆಯ ಮುಂದೆ. ಕೂಲಿ ಎಂದರೆ ಕಾಳು, ಇಲ್ಲವೆ ಉಳಿದ ಅನ್ನ. ಎಪ್ಪತ್ತು ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಊರೂರಿಗೆ ಬಂದಾಗ ಕೇರಿಗಳಲ್ಲಿ ಎರಡು ಮಾತು ಎದ್ದವು. ಹಲಗೆ ಒಲೆಗೆ ಹಾಕ್ರಿ, ಅದು ಗುಲಾಮಗಿರಿಯ ಗುರುತು ಎಂದು ಒಂದು. ಹಲಗೆ ನಮ್ಮದು, ಇನ್ನು ಮುಂದೆ ನಮಗಾಗಿ ಬಾರಿಸೋಣ ಎಂದು ಇನ್ನೊಂದು. ಎರಡನೆಯದು ಗೆದ್ದಿತು ಎಂದು ಈಗ ಕಾಣುತ್ತದೆ. ಮೊದಲನೆಯದನ್ನು ಹೇಳಿದವರೂ ದಡ್ಡರಲ್ಲ, ಬೆರಳು ನೊಂದವರು.

ಇನ್ನು ಬೆಂಗಳೂರಿಗೆ ಹೋಗಬೇಕು. ಮಳೆ ಕೈಕೊಟ್ಟ ವರ್ಷ ನಮ್ಮ ಮಾನ್ವಿ, ದೇವದುರ್ಗ, ಸಿರವಾರದ ಮಂದಿ ಗುಳೆ ಹೋಗುವುದೇ ಅಲ್ಲಿಗೆ. ರಾಯಚೂರಿನಲ್ಲಿ ಹತ್ತುವ ಒಂದು ರೈಲಿನ ಹೆಸರು ಉದ್ಯಾನ್ ಎಕ್ಸ್‌ಪ್ರೆಸ್. ಜನರಲ್ ಡಬ್ಬಿಯಲ್ಲಿ ಗಂಟುಮೂಟೆಯ ಮೇಲೆ ಕುಂತು ಹೋಗುವವರಿಗೆ ಆ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಬೆಂಗಳೂರಿನ ದೊಡ್ಡ ಉದ್ಯಾನಗಳಲ್ಲಿ ಒಂದು ಕಬ್ಬನ್ ಪಾರ್ಕು. 1870ರಲ್ಲಿ ಸ್ಯಾಂಕಿ ಎಂಬ ಎಂಜಿನಿಯರು ಮಾಡಿಸಿದ್ದು. ಒಂದು ಕಡೆ ಕನ್ನಡದವರ ಪೇಟೆ, ಇನ್ನೊಂದು ಕಡೆ 1809ರಿಂದ ಬೆಳೆದ ಬಿಳಿಯರ ದಂಡು, ನಡುವೆ ಈ ಹಸಿರು. ಅದರೊಳಗೆ ಎಂಟು ಮೂಲೆಯ ಕಬ್ಬಿಣದ ಬ್ಯಾಂಡ್‌ಸ್ಟ್ಯಾಂಡ್ ಇದೆ. ಸ್ವಾತಂತ್ರ್ಯಕ್ಕೆ ಮುಂಚೆ ಸೈನ್ಯದ ಬ್ಯಾಂಡಿನವರು ಸಂಜೆಯ ಹೊತ್ತು ಅಲ್ಲಿ ಇಂಗ್ಲಿಷ್ ಧಾಟಿಗಳನ್ನು ನುಡಿಸುತ್ತಿದ್ದರು. ಮಂಟಪಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ, ಸುತ್ತ ಬರೀ ಬಯಲು. ಆದರೂ ಅದು ದೊರೆಗಳು ಮತ್ತು ದೊರೆಸಾನಿಯರು ಕುಂತು ಕೇಳುವ ಸಂಗೀತ. ದಂಡಿನಲ್ಲಿ ಕುದುರೆ ಮೈತಿಕ್ಕಿದವರಲ್ಲಿ, ಅಡಿಗೆ ಬೇಯಿಸಿದವರಲ್ಲಿ, ಕೂಸು ಆಡಿಸಿದವರಲ್ಲಿ ಅಸ್ಪೃಶ್ಯ ಜಾತಿಯವರು ಬಹಳ ಮಂದಿ, ಅದರಲ್ಲೂ ತಮಿಳು ನಾಡಿನಿಂದ ಬಂದವರು. ಗಾಳಿಗೆ ಜಾತಿಯಿಲ್ಲ, ಹಾಗಾಗಿ ಸ್ವರ ಅವರ ಕಿವಿಗೂ ಬಿದ್ದಿರಬೇಕು. ಕೆಲಸ ಮಾಡುತ್ತಾ ಕಿವಿಗೆ ಬೀಳುವುದು ಬೇರೆ, ಕುಂತು ಕೇಳುವುದು ಬೇರೆ.

ದಂಡಿನ ಬ್ಯಾಂಡಿನ ಪಿತ್ತಳೆ ವಾದ್ಯಗಳು ಕಾಲಾನಂತರ ಬೀದಿಗೆ ಇಳಿದವು. ನಮ್ಮ ಕಡೆ ಮದುವೆಯ ಬ್ಯಾಂಡ್ ಕಂಪನಿಗಳಲ್ಲಿ ಭಜಂತ್ರಿಗಳು, ಮುಸಲರು, ನಮ್ಮ ಹುಡುಗರು ಕೋಟು ಹಾಕಿಕೊಂಡು ತುತ್ತೂರಿ ಊದುತ್ತಾರೆ. ಮದುಮಗನ ಮುಂದೆ ನಡೆಯುತ್ತಾರೆ, ಪಂಕ್ತಿಯಲ್ಲಿ ಕೊನೆಗೆ ಉಣ್ಣುತ್ತಾರೆ. ವಾದ್ಯ ಬದಲಾಯಿತು, ಊದುವವನ ಜಾಗ ಬದಲಾಗಲಿಲ್ಲ.

ಬಾಬಾಸಾಹೇಬರು ಇದನ್ನು ಬಲ್ಲವರು. ಸಂವಿಧಾನದ 15ನೇ ವಿಧಿಯನ್ನು ತೆಗೆದು ಓದಿ. ಕೆರೆ, ಬಾವಿ, ರಸ್ತೆ ಎಂದು ನಾವು ಬಾಯಿಪಾಠ ಹೇಳುತ್ತೇವೆ. ಅದೇ ವಿಧಿಯಲ್ಲಿ ಅಂಗಡಿ, ಹೋಟೆಲುಗಳ ಜೊತೆ ಸಾರ್ವಜನಿಕ ಮನರಂಜನೆಯ ಸ್ಥಳಗಳು ಎಂಬ ಮಾತೂ ಇದೆ. ನೀರಿನ ಪಕ್ಕದಲ್ಲಿ ಸಂತೋಷವನ್ನೂ ಹಕ್ಕು ಎಂದು ಬರೆದಿಟ್ಟಿದ್ದಾರೆ! 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲೂ ಇದು ಸೇರಿತು. 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಕೈಕೆಳಗಿದ್ದ ನಮ್ಮ ಜಿಲ್ಲೆಗೂ 1950ರ ಜನವರಿ 26ರಿಂದ ಆ ವಿಧಿ ಅನ್ವಯಿಸಿತು. ಹೋರಾಟದ ಭಾಷಣಗಳಲ್ಲಿ ನಾವು ಈ ಮಾತನ್ನು ಎತ್ತುವುದು ಕಡಿಮೆ. ಹೊಟ್ಟೆಗಿಲ್ಲದಾಗ ಹಾಡು ಯಾಕೆ ಎಂಬ ನಾಚಿಕೆ ಇರಬೇಕು. ನನಗೂ ಇತ್ತು.

ಕೆಲವು ವರ್ಷಗಳ ಹಿಂದೆ ನನ್ನ ತಂಗಿ ಗಂಡನ ಜೊತೆ ಬೆಂಗಳೂರಿಗೆ ಗುಳೆ ಹೋಗಿ, ಕಟ್ಟಡದ ಕೆಲಸದ ಮಗ್ಗುಲಲ್ಲೇ ತಗಡಿನ ಶೆಡ್ಡಿನಲ್ಲಿದ್ದಳು. ಒಂದು ಭಾನುವಾರ ಅವಳನ್ನು ಕಬ್ಬನ್ ಪಾರ್ಕಿಗೆ ಕರೆದೊಯ್ದೆ. ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಯಾವುದೋ ತಂಡದವರು ನುಡಿಸುತ್ತಿದ್ದರು. ಮಂದಿ ಹುಲ್ಲಿನ ಮೇಲೆ ಕಾಲು ಚಾಚಿ ಕುಂತಿದ್ದರು. ತಂಗಿ ದೂರದ ಮರದ ಬುಡದಲ್ಲೇ ನಿಂತಳು.

"ಅಣ್ಣ, ಅಲ್ಲಿ ಕುಂತ್ರ ಯಾರೂ ಏನೂ ಅನ್ನಂಗಿಲ್ಲೇನು?"

"ಯಾರೂ ಅನ್ನಂಗಿಲ್ಲ, ಬಾ."

"ರೊಕ್ಕ?"

"ರೊಕ್ಕಾನೂ ಕೇಳಂಗಿಲ್ಲ."

ಬಂದು ಅಂಚಿನಲ್ಲಿ ಕುಂತಳು, ಯಾರಾದರೂ ಎಬ್ಬಿಸಿದರೆ ಕೂಡಲೇ ಏಳುವ ಹಾಗೆ. ಎರಡು ಮೂರು ಬಾರಿಸುವ ಹೊತ್ತಿಗೆ ಸೆರಗು ಸಡಿಲ ಮಾಡಿ ಕಾಲು ಚಾಚಿದಳು. ಆಮೇಲೆ ಅಂದಳು: "ಯಪ್ಪ ಇರಬೇಕಿತ್ತು ನೋಡು. ಬಾರಿಸೋ ಕೆಲಸ ಇಲ್ದ ಸುಮ್ನ ಕುಂತು ಕೇಳತಿದ್ದ."

ಬೆಂಗಳೂರಿನ ಬಯಲುಗಳಿಗೆ ಬೇರೊಂದು ಚರಿತ್ರೆಯೂ ಉಂಟು. 1963ರಲ್ಲಿ ರವೀಂದ್ರ ಕಲಾಕ್ಷೇತ್ರ ಎದ್ದಿತು. ಅದರ ಬೆನ್ನಿಗಿರುವ ಬಯಲು ರಂಗಕ್ಕೆ ನಾಟಕಕಾರ ಸಂಸರ ಹೆಸರು. 1972ರಲ್ಲಿ ಬಿ.ವಿ. ಕಾರಂತರು ಲಂಕೇಶರ ಸಂಕ್ರಾಂತಿ, ಕಂಬಾರರ ಜೋಕುಮಾರಸ್ವಾಮಿ ಮುಂತಾದ ನಾಟಕಗಳನ್ನು ಬಯಲಲ್ಲಿ ಆಡಿಸಿದರು. ನಮ್ಮ ಕಡೆಯ ಬಯಲಾಟ ಎಷ್ಟೋ ಕಾಲದಿಂದ ಮಾಡುತ್ತ ಬಂದದ್ದನ್ನು ಪಟ್ಟಣ ಆಗ ಹೊಸದಾಗಿ ಕಂಡುಕೊಂಡಿತು. ಕಂಡುಕೊಂಡದ್ದು ಒಳ್ಳೆಯದೇ, ತಡವಾಯಿತು ಅಷ್ಟೆ. ರಾಯಚೂರಿನಲ್ಲಿ ಹಾಡುಗಾರ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವಿದೆ, ಅದಕ್ಕೆ ಚಾವಣಿಯಿದೆ. ನಮ್ಮ ಮಾತು ಬಯಲಿನದು.

ನಮ್ಮವರು ಬಹಳವಾಗಿ ಹಾಡಿದ ಬಯಲು ಫ್ರೀಡಂ ಪಾರ್ಕು. ಅದು ಹಿಂದೆ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಸ್ನೇಹಲತಾ ರೆಡ್ಡಿಯವರನ್ನು ಅಲ್ಲಿ ಕೂಡಿಹಾಕಿದರು. 1970ರ ಸಂಸ್ಕಾರ ಚಿತ್ರದಲ್ಲಿ ಚಂದ್ರಿಯಾದವರು. ಉಬ್ಬಸದಿಂದ ಬಳಲಿ, 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಆ ಜಾಗ ಉದ್ಯಾನವಾಯಿತು. ಕಾವಲು ಗೋಪುರ ಉಳಿಸಿದರು, ಬಯಲು ರಂಗಮಂದಿರ ಕಟ್ಟಿದರು, ಧರಣಿಗೆ ಒಂದು ಭಾಗ ಬಿಟ್ಟರು. ಬೆಂಗಳೂರಿನ ಧರಣಿ ಮೆರವಣಿಗೆಗಳೆಲ್ಲ ಅಲ್ಲೇ ನಡೆಯಬೇಕೆಂದು 2021ರ ಸರ್ಕಾರಿ ಆದೇಶ ಹೇಳಿತು. ಬೀದಿಯಲ್ಲಿದ್ದ ಹಾಡನ್ನು ಹಳೆಯ ಜೈಲಿನ ಅಂಗಳಕ್ಕೆ ತಂದು ಬಿಟ್ಟ ಹಾಗಾಯಿತು. ಯಾರು ಯೋಚಿಸಿ ಮಾಡಿದರೋ ಗೊತ್ತಿಲ್ಲ, ಹೊಂದಿಕೆ ಮಾತ್ರ ಚಲೋ ಆಗಿದೆ.

ಒಳಮೀಸಲಾತಿಯ ಹೋರಾಟಕ್ಕೆಂದು ನಮ್ಮ ಕಡೆಯಿಂದ ಹೋದವರ ಜೊತೆ ನಾನೂ ಒಮ್ಮೆ ಅಲ್ಲಿಗೆ ಹೋಗಿದ್ದೆ. ಬೆಳಗಿನ ಚಳಿಗೆ ಹಲಗೆಗಳು ಸಡಿಲಾಗಿ ದಬದಬ ಅನ್ನುತ್ತಿದ್ದವು. ಅಲ್ಲಿ ಹುಲ್ಲೂ ಇಲ್ಲ, ಬೆಂಕಿಯೂ ಇಲ್ಲ. ಹುಡುಗರು ಹಲಗೆಗಳನ್ನು ಮೆಟ್ಟಿಲಿಗೆ ಸಾಲಾಗಿ ಒರಗಿಸಿ ಬಿಸಿಲಿಗೆ ಇಟ್ಟರು. ಬೆಂಗಳೂರ ಬಿಸಿಲು ರಾಯಚೂರ ಬಿಸಿಲೇನು? ಹದ ಬರಾಕ ತಡ ಆತು. ಅಲ್ಲೀತನ ಬಾರಿಸುವವರೂ ಕೇಳುವವರೂ ಮೆಟ್ಟಿಲ ಮೇಲೆ ಕುಂತು ರೊಟ್ಟಿಯ ಗಂಟು ಬಿಚ್ಚಿದರು.