ಸೆರೆಮನೆಗೇ ಸಿದ್ಧಳೆಂದ ರಖಮಾಬಾಯಿ

ಕೋಟೆ ಭಾಗದ ಕಚೇರಿಗಳಿಗೆ ಹೋಗುವ ನಮ್ಮವರು ಮುಂಬಯಿ ಹೈಕೋರ್ಟನ್ನು ದಿನವೂ ಕಾಣುತ್ತಾರೆ. ರಖಮಾಬಾಯಿಯವರ ಮೊಕದ್ದಮೆ ನಡೆದದ್ದು ಅಲ್ಲಿಯೇ. ೧೧ನೆಯ ವಯಸ್ಸಿನಲ್ಲಿ ಮದುವೆಯಾಗಿ ತವರಿನಲ್ಲೇ ಬೆಳೆದ ಆಕೆ ತನ್ನೊಡನೆ ಬಾಳಬೇಕೆಂದು ಗಂಡ ದಾದಾಜಿ ೧೮೮೪ರಲ್ಲಿ ದಾವೆ ಹೂಡಿದ. ಬುದ್ಧಿ ಬಲಿಯುವ ಮೊದಲೇ ಆದ ಮದುವೆ ತಮ್ಮನ್ನು ಕಟ್ಟಿಹಾಕದೆಂದು ಆಕೆ ವಾದಿಸಿದರು. ನ್ಯಾಯಮೂರ್ತಿ ಪಿನ್ಹೆ ೧೮೮೫ರಲ್ಲಿ ಆಕೆಯ ಪರವಾಗಿಯೇ ತೀರ್ಪಿತ್ತರು. ಅಪೀಲಿನಲ್ಲಿ ಅದು ನಿಲ್ಲಲಿಲ್ಲ. ಗಂಡನ ಮನೆಗೆ ಹೋಗಬೇಕು, ಇಲ್ಲವೇ ೬ ತಿಂಗಳ ಸೆರೆವಾಸ ಎಂದು ೧೮೮೭ರಲ್ಲಿ ಆಜ್ಞೆಯಾಯಿತು. ಸೆರೆಮನೆಗೇ ಸಿದ್ಧ ಎಂದರು ರಖಮಾಬಾಯಿ! ಮುಂದೆ ಸ್ವರಾಜ್ಯಕ್ಕಾಗಿ ಸೆರೆಮನೆ ಕಂಡ ತಿಲಕರೂ ಆಕೆಯನ್ನು ವಿರೋಧಿಸಿದ್ದು ನಮಗೆ ನುಂಗಲಾರದ ತುತ್ತು.

೧೮೮೮ರಲ್ಲಿ ೨೦೦೦ ರೂಪಾಯಿಗೆ ರಾಜಿಯಾಗಿ ಗಂಡ ಹಿಂದೆ ಸರಿದ. ಆಕೆ ಲಂಡನ್ನಿನಲ್ಲಿ ವೈದ್ಯಕೀಯ ಓದಿ ಬಂದು ಸೂರತ್, ರಾಜಕೋಟಗಳಲ್ಲಿ ಹೆಂಗಸರ ಆಸ್ಪತ್ರೆ ನೋಡಿಕೊಂಡರು. ಕಾನೂನು ಮಾತ್ರ ೧೮೯೧ರಲ್ಲಿ ಹೆಣ್ಣಿನ ಸಮ್ಮತಿಯ ವಯಸ್ಸನ್ನು ೧೦ರಿಂದ ೧೨ಕ್ಕೇರಿಸಿ ಸುಮ್ಮನಾಯಿತು.