ವಂಕಿಯ ಚರಿತ್ರೆ, ಅವ್ವನ ರಕ್ತ

ವಂಕಿ ಅಂದರೆ ತೋಳಿಗೆ ತೊಡುವ ಚಿನ್ನದ ಒಡವೆ. ನಮ್ಮ ಕೇರಿಯ ಹೆಂಗಸರು ಅದನ್ನು ತೊಟ್ಟವರಲ್ಲ. ಅವರಿಗೆ ಗೊತ್ತಿದ್ದ ವಂಕಿ ಒಂದೇ: ಆಸ್ಪತ್ರೆಯಲ್ಲಿ ಗರ್ಭಕೋಶದೊಳಗೆ ಇಡುವುದು. ರಾಜರ ಚರಿತ್ರೆ ಓದಿ ಪದವಿ ಪಡೆದ ನಾವು ಈ ವಂಕಿಯ ಚರಿತ್ರೆಯನ್ನು ಯಾವ ಪಠ್ಯದಲ್ಲೂ ಕಾಣಲಿಲ್ಲ.

1930ರಲ್ಲೇ ಮೈಸೂರು ಸಂಸ್ಥಾನ ಜನನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿತ್ತು. ವಂಕಿ ಬಂದದ್ದು ಆಮೇಲೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯ ಜ್ಯಾಕ್ ಲಿಪ್ಪಿಸ್ ಹಾವಿನಂತೆ ಬಳುಕಿದ ಪ್ಲಾಸ್ಟಿಕ್ ಲೂಪನ್ನು ರೂಪಿಸಿದರು. 1965ರಲ್ಲಿ ಭಾರತ ಸರ್ಕಾರ ಅದನ್ನು ದೇಶದ ತುಂಬ ಹರಡಿತು. ಗುರಿ ಗೊತ್ತುಮಾಡಿತು. ಹಾಕಿದ್ದಕ್ಕೆ ಲೆಕ್ಕವಿತ್ತು. 'ರಕ್ತ ನಿಲ್ತಿಲ್ಲ, ಸೊಂಟ ನೋಯ್ತದೆ' ಅಂದವರನ್ನು ಮತ್ತೆ ನೋಡಲು ಸಿಬ್ಬಂದಿ ಸಾಲಲಿಲ್ಲ. ಮೊದಲು ಏರಿದ ಸಂಖ್ಯೆ ಎರಡೇ ವರ್ಷದಲ್ಲಿ ಕುಸಿಯಿತು. ವದಂತಿಯಿಂದ ಕುಸಿಯಿತು ಅಂದವರಿದ್ದರು. ಸೀರೆಗಂಟಿದ ರಕ್ತ ವದಂತಿಯೇ?

ಗರ್ಭಕೋಶದಲ್ಲಿಟ್ಟ ತಾಮ್ರ ಗರ್ಭ ಕಟ್ಟದಂತೆ ತಡೆಯುತ್ತದೆಂದು 1960ರ ದಶಕದ ಕೊನೆಗೆ ಚಿಲಿ ದೇಶದ ಹೈಮೆ ಝಿಪ್ಪರ್ ತೋರಿಸಿದರು. ಹೊವರ್ಡ್ ಟೇಟಮ್ ರೂಪಿಸಿದ 'ಟಿ' ಆಕಾರಕ್ಕೆ ಆ ತಾಮ್ರ ಸುತ್ತಿಕೊಂಡಿತು. ಅದೇ ಕಾಪರ್-ಟಿ. ತಾಮ್ರ ವೀರ್ಯಾಣುವನ್ನು ಕೆಡಿಸುತ್ತದೆ. 380 ಚದರ ಮಿಲಿಮೀಟರ್ ತಾಮ್ರವಿರುವ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ. 375 ಎಂಬುದು ಐದು ವರ್ಷ. 380ಎ ಹಾಕಿಸಿಕೊಂಡ 100 ಮಂದಿಯಲ್ಲಿ ಮೊದಲ ವರ್ಷ ಬಸಿರಾಗುವವರು ಒಬ್ಬರಿಗಿಂತ ಕಡಿಮೆ. ಆದರೆ ಮುಟ್ಟಿನ ರಕ್ತ ಹೆಚ್ಚಬಹುದು, ಮೊದಲ ತಿಂಗಳುಗಳಲ್ಲಂತೂ ಹೆಚ್ಚು.

ಇನ್ನೊಂದು ಬಗೆ 1990ರಲ್ಲಿ ಫಿನ್ಲೆಂಡಿನಲ್ಲಿ ಬಂತು. ಅದು ದಿನವೂ ತುಸು ಹಾರ್ಮೋನು ಬಿಡುತ್ತದೆ. ಮೊದಮೊದಲು ರಕ್ತ ಹೊತ್ತಲ್ಲದ ಹೊತ್ತಲ್ಲಿ ಕಾಣಿಸಿದರೂ, ಬರಬರುತ್ತಾ ಮುಟ್ಟಿನ ರಕ್ತ ಕಡಿಮೆಯಾಗುತ್ತದೆ. ಬೆಲೆ ಮಾತ್ರ ಕಾಪರ್-ಟಿಗಿಂತ ಬಹಳ ಹೆಚ್ಚು.

ಈಗ ಯೋಚಿಸೋಣ ಗೆಳೆಯರೇ. ರಕ್ತ ಉಳಿಸುವ ವಂಕಿ ಯಾರಿಗೆ ಹೆಚ್ಚು ಬೇಕು? ಮೈಯಲ್ಲಿ ರಕ್ತವಿಲ್ಲದೆ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವವಳಿಗೆ. ಅದು ಯಾರ ಕೈಗೆಟಕುತ್ತದೆ? ಕಾಸಿದ್ದವಳಿಗೆ.

ವಂಕಿ ಬೇಡ ಅಂತ ನಾವು ಹೇಳುತ್ತಿಲ್ಲ. ವರ್ಷಕ್ಕೊಂದು ಹೆತ್ತು ಸವೆದ ಅವ್ವಂದಿರನ್ನು ಕಂಡ ನಾವು ಹಾಗೆ ಹೇಳಲಾರೆವು. 1996ರಲ್ಲಿ ಸರ್ಕಾರವೇ ಮೇಲಿನಿಂದ ಹೇರುವ ಗುರಿ ಕೈಬಿಟ್ಟಿತು. ಆದರೆ ಗುರಿ ಹೋದ ಮಾತ್ರಕ್ಕೆ ಆಯ್ಕೆ ಬಂದಂತಾಗದು. ಇದು ಯಾವ ವಂಕಿ, ಎಷ್ಟು ವರ್ಷದ್ದು, ರಕ್ತ ಹೋದರೆ ಯಾರನ್ನು ಕೇಳಲಿ, ಬೇಡವಾದಾಗ ತೆಗೀತೀರಾ? ಈ ನಾಲ್ಕು ಪ್ರಶ್ನೆ ಹಳ್ಳಿಯ ಮೇಷ್ಟ್ರುಗಳು ಹೆಣ್ಣುಮಕ್ಕಳಿಗೆ ಕಲಿಸಲಿ. ಒಡವೆ ಸಿಗದ ನಮ್ಮವ್ವನಿಗೆ ಉತ್ತರವಾದರೂ ಸಿಗಲಿ.